ಕಟ್ಟಿ ಮೇಯಿಸಿದ ಟಗರು ಕಲಿಸುವ ಪಾಠ

ಕಳೆದ ವರ್ಷ ಮಳೆಗಾಲದ ಆರಂಭದಲ್ಲಿ ಕುಂದಗೋಳ ತಾಲೂಕಿನ ರೈತರೊಬ್ಬರು ಹುಬ್ಬಳ್ಳಿಯ ನನ್ನ ದವಾಖಾನೆಗೆ ಬಂದಿದ್ದರು. ವಯಸ್ಸು ಐವತ್ತೆರಡು. ಕಾಲಿನ ಹೆಬ್ಬೆರಳಿಗಾದ ಸಣ್ಣ ಗಾಯ ಮೂರು ವಾರ ಕಳೆದರೂ ಮಾಯ್ದಿರಲಿಲ್ಲ. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಿದ್ದರು. ಪರೀಕ್ಷೆ ಮಾಡಿಸಿದಾಗ ಬರಿಹೊಟ್ಟೆಯ ರಕ್ತದ ಸಕ್ಕರೆ 268 ಮಿಲಿಗ್ರಾಂ ಇತ್ತು. ತೂಕ 86 ಕಿಲೋ, ಹೊಟ್ಟೆಯ ಸುತ್ತಳತೆ 104 ಸೆಂಟಿಮೀಟರ್.

“ಸಾಹೇಬ್ರ, ನಾವು ಒಕ್ಕಲತನದ ಮಂದಿ. ಪ್ಯಾಟಿಯವರ ಹಂಗ ಕುಂತು ಉಣ್ಣೂ ಪೈಕಿ ಅಲ್ಲ. ನಮಗ್ಯಾಕ ಬಂತ್ರಿ ಈ ಸಕ್ರಿ ಬ್ಯಾನಿ?” ಎಂದು ಕೇಳಿದರು.

ಮಾತಿಗೆ ಮಾತು ಬೆಳೆದು, ಅವರು ಮನೆಯ ಹಿತ್ತಲಿನಲ್ಲಿ ಪ್ರತಿವರ್ಷ ಇಪ್ಪತ್ತು ಟಗರು ಮರಿಗಳನ್ನು ಕಟ್ಟಿ ಮೇಯಿಸಿ ಬಕ್ರೀದ್ ಮುಂಚೆ ಮಾರುವುದು ತಿಳಿಯಿತು. ಕುತೂಹಲದಿಂದ “ಮರಿಗೆ ಮೈ ಬರಬೇಕಾದ್ರ ಏನ್ ಮಾಡ್ತೀರಿ, ಯಜಮಾನ್ರ?” ಎಂದೆ. ಅವರ ಮುಖ ಅರಳಿತು. ಬೆರಳು ಮಡಚುತ್ತಾ ಹೇಳಿದರು: “ಮೊದ್ಲ ತಿರುಗಾಡೂದು ಬಂದ್ ಮಾಡಬೇಕ್ರಿ. ಎರಡನೇದು, ಕಾಳು-ಹಿಂಡಿ ಹಾಕಬೇಕು. ಮೂರನೇದು, ಗ್ವಾದಲಿ ಖಾಲಿ ಬಿಡಬಾರ್ದು. ನಾಕನೇದು, ನೆರಳಾಗ ಆರಾಮ ಇಡಬೇಕು. ಮೂರು ತಿಂಗಳದಾಗ ಮರಿ ಗುರ್ತ ಸಿಗೂದಿಲ್ಲ ನೋಡ್ರಿ.”

ನಂತರ ನಾನು ಅವರ ದಿನಚರಿ ಕೇಳಿದೆ. ಅರ್ಧ ಹೇಳುವಷ್ಟರಲ್ಲಿ ಅವರೇ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ ನಕ್ಕು, “ಹಂಗಾದ್ರ ನನ್ನೂ ಕಟ್ಟಿ ಮೇಯಿಸ್ಯಾರ ಅಂತೀರೇನು?” ಎಂದರು.

ಈ ವಾರದ ಲೇಖನಕ್ಕೆ ಆ ಪ್ರಶ್ನೆಯೇ ಕಾರಣ. ಪಶುವನ್ನು ಕೊಬ್ಬಿಸುವುದು ಒಂದು ಪಳಗಿದ ವಿದ್ಯೆ. ಅದರ ಸೂತ್ರಗಳನ್ನು ತಿಳಿದುಕೊಂಡರೆ ನಮ್ಮ ಬೊಜ್ಜು, ಮಧುಮೇಹಗಳ ಮೂಲ ಬಹಳ ಸುಲಭವಾಗಿ ಅರ್ಥವಾಗುತ್ತದೆ. ಮಾಂಸ ತಿನ್ನುವ ಮನೆಗಳಿಗೂ ತಿನ್ನದ ಮನೆಗಳಿಗೂ ಈ ಪಾಠ ಒಂದೇ.

ಟಗರನ್ನು ಕೊಬ್ಬಿಸುವ ಬಗೆ

ನಮ್ಮ ಕಡೆ ದನವನ್ನು ಮಾಂಸಕ್ಕಾಗಿ ಕೊಬ್ಬಿಸುವ ರೂಢಿ ಇಲ್ಲ. ಎತ್ತು ಉಳುಮೆಗೆ, ಆಕಳು-ಎಮ್ಮೆ ಹೈನಿಗೆ. ಕೊಬ್ಬಿಸುವ ಕಸುಬು ಇರುವುದು ಕುರಿಯಲ್ಲಿ. ಅಮೀನಗಡ, ಕೆರೂರಿನಂಥ ಸಂತೆಗಳಿಂದ ಮೂರು-ನಾಲ್ಕು ತಿಂಗಳ ಟಗರು ಮರಿಗಳನ್ನು ತಂದು, ಮನೆಯಲ್ಲೇ ಮೇಯಿಸಿ, ಮೈ ತುಂಬಿದ ಮೇಲೆ ಮಾರುವವರು ಧಾರವಾಡ, ಗದಗ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಹಳ್ಳಿಯಲ್ಲೂ ಇದ್ದಾರೆ.

ಬಲ್ಲವರು ಮರಿ ತಂದ ದಿನವೇ ಕಾಳು ಸುರಿಯುವುದಿಲ್ಲ. ಮೊದಲು ಜಂತಿನ ಔಷಧ ಕುಡಿಸುತ್ತಾರೆ, ಕರುಳುಬೇನೆ ಮತ್ತು ಪಿಪಿಆರ್ ರೋಗಗಳ ಲಸಿಕೆ ಹಾಕಿಸುತ್ತಾರೆ. ಕೆಲ ದಿನ ಬರೀ ಹಸಿಮೇವು, ಕಣಿಕೆ, ಶೇಂಗಾ ಹೊಟ್ಟು, ತೊಗರಿ ಹೊಟ್ಟು. ಆಮೇಲೆ ದಿನಕ್ಕೆ ಒಂದು ಹಿಡಿ, ಅಂದರೆ ಸುಮಾರು 50 ಗ್ರಾಂ, ದಾಣಿ. ಎರಡು-ಮೂರು ವಾರಗಳಲ್ಲಿ ನಿಧಾನವಾಗಿ ಏರಿಸುತ್ತಾ 300ರಿಂದ 400 ಗ್ರಾಂ ತನಕ ತರುತ್ತಾರೆ. ದಾಣಿಯಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ನುಚ್ಚು ಮಾಡಿದ ಗೋವಿನಜೋಳ, ಕಾಲು ಪಾಲು ಶೇಂಗಾ ಅಥವಾ ಹತ್ತಿಕಾಳಿನ ಹಿಂಡಿ, ಉಳಿದದ್ದು ಗೋಧಿ ಬೂಸಾ ಅಥವಾ ಅಕ್ಕಿ ತೌಡು, ಜೊತೆಗೆ ಸ್ವಲ್ಪ ಖನಿಜ ಮಿಶ್ರಣ ಮತ್ತು ಉಪ್ಪು. ಕುಡಿಯುವ ನೀರು ಸದಾ ಮುಂದಿರಬೇಕು. ಇಷ್ಟು ಮಾಡಿದರೆ ಮರಿ ದಿನಕ್ಕೆ 100ರಿಂದ 150 ಗ್ರಾಂ ತೂಗುತ್ತದೆ. ಮೂರು ತಿಂಗಳಿಗೆ ಹತ್ತು-ಹನ್ನೆರಡು ಕಿಲೋ ಏರಿಕೆ.

ಗೋವಿನಜೋಳ ಶಕ್ತಿ ಕೊಡುತ್ತದೆ, ಹಿಂಡಿ ಸಸಾರಜನಕ ಕೊಡುತ್ತದೆ, ಒಣಮೇವು ನಾರು ಕೊಡುತ್ತದೆ. ಎಳೆಯ ಮರಿಯ ಮೈಯಲ್ಲಿ ಮೊದಲು ಎಲುಬು, ನಂತರ ಮಾಂಸಖಂಡ, ಕೊನೆಗೆ ಕೊಬ್ಬು ಬೆಳೆಯುತ್ತದೆ. ಮಾಂಸಖಂಡದಲ್ಲಿ ಮುಕ್ಕಾಲು ಪಾಲು ನೀರೇ ಇರುವುದರಿಂದ ಅದನ್ನು ಬೆಳೆಸಲು ಮೇವು ಕಡಿಮೆ ಸಾಕು. ಕೊಬ್ಬು ಕಟ್ಟಲು ಮೇವು ಬಹಳ ಬೇಕು. ಆದ್ದರಿಂದಲೇ ಬುದ್ಧಿವಂತ ರೈತ ಮರಿ ಬಲಿತ ಮೇಲೆ ಹೆಚ್ಚು ದಿನ ಇಟ್ಟುಕೊಳ್ಳುವುದಿಲ್ಲ. ಹಾಕಿದ ಕಾಳಿನ ಖರ್ಚು ಕೊಬ್ಬಿಗೆ ಹೋಗುತ್ತದೆ, ಹುಟ್ಟುವಳಿ ಕಾಣುವುದಿಲ್ಲ.

ಹೊಟ್ಟೆಯೊಳಗಿನ ಹುದುಗು

ಆಕಳು, ಎಮ್ಮೆ, ಕುರಿ, ಆಡುಗಳಿಗೆ ನಾಲ್ಕು ಕೋಣೆಗಳ ಹೊಟ್ಟೆ. ಅದರಲ್ಲಿ ರುಮೆನ್ ಎಂಬ ಮೊದಲ ಕೋಣೆಯೇ ದೊಡ್ಡದು. ದೊಡ್ಡ ದನದಲ್ಲಿ ಅದು ನೂರು ಲೀಟರಿಗೂ ಮಿಕ್ಕಿ ಹಿಡಿಯುತ್ತದೆ. ಅಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಮನೆಮಾಡಿಕೊಂಡಿವೆ. ನಮಗೆ ಜೀರ್ಣವಾಗದ ಕಣಿಕೆ, ಹುಲ್ಲುಗಳ ನಾರನ್ನು ಅವು ಹುದುಗಿಸಿ ಸಣ್ಣ ಸಣ್ಣ ಆಮ್ಲಗಳನ್ನಾಗಿ ಮಾಡುತ್ತವೆ. ಪಶುವಿನ ಶಕ್ತಿಯ ಬಹುಪಾಲು ಈ ಆಮ್ಲಗಳಿಂದಲೇ ಬರುತ್ತದೆ.

ಹುಲ್ಲು ಹಾಕಿದಾಗ ಅಸಿಟಿಕ್ ಆಮ್ಲ ಹೆಚ್ಚು. ಕಾಳು ಹಾಕಿದಾಗ ಪ್ರೊಪಿಯೋನಿಕ್ ಆಮ್ಲದ ಪಾಲು ಏರುತ್ತದೆ. ಯಕೃತ್ತು ಇದನ್ನು ಗ್ಲೂಕೋಸ್ ಆಗಿ ಮಾರ್ಪಡಿಸುತ್ತದೆ, ಗ್ಲೂಕೋಸ್ ಏರಿದಾಗ ಇನ್ಸುಲಿನ್ ಏರುತ್ತದೆ, ಇನ್ಸುಲಿನ್ ಹೆಚ್ಚಾದಾಗ ಮಿಕ್ಕ ಶಕ್ತಿ ಕೊಬ್ಬಾಗಿ ಶೇಖರವಾಗುತ್ತದೆ. ಕಾಳು ತಿಂದ ಪಶು ಬೇಗ ಮೈತುಂಬುವ ಗುಟ್ಟು ಇದು.

ಹಗ್ಗ ಬಿಚ್ಚಿಕೊಂಡ ಮರಿ ಕಾಳಿನ ಚೀಲಕ್ಕೆ ಬಾಯಿ ಹಾಕಿ ಬೆಳಗಾಗುವಷ್ಟರಲ್ಲಿ ಸತ್ತಿರುವುದನ್ನು ಹಳ್ಳಿಯವರು ಕಂಡಿರುತ್ತಾರೆ. ಒಮ್ಮೆಗೇ ಬಿದ್ದ ಕಾಳಿನಿಂದ ಹೊಟ್ಟೆಯಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿ, ಹುಳಿಯೇರಿ, ನಾರು ಅರಗಿಸುವ ಜೀವಿಗಳು ಸಾಯುತ್ತವೆ. ಆಮ್ಲ ರಕ್ತಕ್ಕೂ ಇಳಿಯುತ್ತದೆ. ಅದಕ್ಕೇ ದಾಣಿಯನ್ನು ವಾರಗಟ್ಟಲೆ ರೂಢಿ ಮಾಡಿಸಬೇಕು, ಒಣಮೇವನ್ನು ಪೂರ್ತಿ ಎಂದೂ ನಿಲ್ಲಿಸಬಾರದು.

ಅಮೆರಿಕದ ದನದ ಅಂಗಳಗಳು

ಇದೇ ವಿದ್ಯೆ ಕಾರ್ಖಾನೆಯ ಗಾತ್ರಕ್ಕೆ ಬೆಳೆದಿರುವುದು ಅಮೆರಿಕದ ಟೆಕ್ಸಾಸ್, ಕಾನ್ಸಾಸ್, ನೆಬ್ರಾಸ್ಕಾ ರಾಜ್ಯಗಳಲ್ಲಿ. ಅಲ್ಲಿಯ ಕರುಗಳು ಮೊದಲು ತಾಯಿಯೊಡನೆ ಹುಲ್ಲುಗಾವಲಿನಲ್ಲಿ ಮೇಯುತ್ತವೆ. ಮುನ್ನೂರು-ನಾನ್ನೂರು ಕಿಲೋ ತೂಗುವಾಗ ಅವನ್ನು ಬೇಲಿ ಹಾಕಿದ ಅಂಗಳಗಳಿಗೆ ತರುತ್ತಾರೆ. ದೊಡ್ಡ ಅಂಗಳಗಳಲ್ಲಿ ಹತ್ತಾರು ಸಾವಿರ ದನಗಳು ಒಂದೆಡೆ ಇರುತ್ತವೆ. ಮೊದಲ ಮೂರು ವಾರ ಒಣಹುಲ್ಲು ಕಡಿಮೆ ಮಾಡುತ್ತಾ, ಗೋವಿನಜೋಳ ಹೆಚ್ಚಿಸುತ್ತಾ ಹೋಗಿ, ಕೊನೆಗೆ ಮೇವಿನ ಬಹುಪಾಲು ಕಾಳೇ ಆಗುತ್ತದೆ. ನಾಲ್ಕರಿಂದ ಆರು ತಿಂಗಳಲ್ಲಿ ದನ ದಿನಕ್ಕೆ ಒಂದೂವರೆ ಕಿಲೋದಂತೆ ಏರಿ ಆರುನೂರು ಕಿಲೋ ಮುಟ್ಟುತ್ತದೆ. ಮಾಂಸದೊಳಗೆ ಬಿಳಿ ಗೆರೆಗಳಂತೆ ಕೊಬ್ಬು ಕೂತರೆ ಅಲ್ಲಿ ಬೆಲೆ ಜಾಸ್ತಿ.

ಆದರೆ ಈ ದನಗಳು ಆರೋಗ್ಯವಂತ ದನಗಳೇ? ಕಾಳಿನ ಹುಳಿಯಿಂದ ರುಮೆನ್ನಿನ ಗೋಡೆ ಹುಣ್ಣಾಗಿ, ಅಲ್ಲಿಯ ರೋಗಾಣುಗಳು ಯಕೃತ್ತಿಗೆ ಸೇರಿ, ಅನೇಕ ದನಗಳ ಯಕೃತ್ತಿನಲ್ಲಿ ಕೀವಿನ ಗಂಟುಗಳು ಕಟ್ಟಿರುತ್ತವೆ. ವ್ಯಾಪಾರಿಗೆ ಇದರ ಚಿಂತೆ ಹೆಚ್ಚಿಲ್ಲ. ರೋಗ ಬಲಿಯುವ ಮೊದಲೇ ದನದ ಆಯುಷ್ಯ ಮುಗಿದಿರುತ್ತದೆ.

ಇಡೀ ವಿಷಯದ ಮರ್ಮ ಇಲ್ಲಿದೆ. ಕೊಬ್ಬಿಸಿದ ಟಗರಿನ ಲೆಕ್ಕ ಮೂರು ತಿಂಗಳಿನದು, ಅಮೆರಿಕದ ದನದ್ದು ಆರು ತಿಂಗಳಿನದು. ನಾವಾದರೋ ಅದೇ ಕೊಬ್ಬನ್ನು ಹೊತ್ತು ಮೂವತ್ತು-ನಲವತ್ತು ವರ್ಷ ಬದುಕಬೇಕು.

ಹಗ್ಗವಿಲ್ಲದೆ ಕಟ್ಟಿಸಿಕೊಂಡವರು

ನಮ್ಮ ರೈತರ ದಿನಚರಿಗೆ ಬರೋಣ. ಹತ್ತು ವರ್ಷದ ಹಿಂದೆ ಅವರ ಮನೆಯಲ್ಲಿ ಎರಡು ಜೋಡಿ ಎತ್ತು ಇದ್ದವು. ಈಗ ಟ್ರ್ಯಾಕ್ಟರ್ ಬಂದಿದೆ, ಎತ್ತು ಮಾರಿದ್ದಾರೆ. ಹೊಲಕ್ಕೆ ಬೈಕಿನ ಮೇಲೆ ಹೋಗಿ, ಬದುವಿನ ಮೇಲೆ ನಿಂತು ಆಳಿಗೆ ಕೆಲಸ ಹೇಳಿ, ಬೈಕಿನ ಮೇಲೇ ವಾಪಸು. ಮಧ್ಯಾಹ್ನ ಊರ ಕಟ್ಟೆ, ಸಂಜೆ ಟಿವಿ, ರಾತ್ರಿ ಮೊಬೈಲ್. ಮೊದಲನೆಯ ಸೂತ್ರವಾದ ‘ತಿರುಗಾಡೂದು ಬಂದ್’ ಪೂರ್ತಿಯಾಯಿತು.

ಊಟ ಮಾತ್ರ ರಂಟೆ ಹೊಡೆಯುವ ಕಾಲದ್ದೇ. ಬೆಳಿಗ್ಗೆ ಚುರುಮುರಿ-ಮಿರ್ಚಿ ಇಲ್ಲವೆ ಉಪ್ಪಿಟ್ಟು, ಮಧ್ಯಾಹ್ನ ನಾಲ್ಕು ರೊಟ್ಟಿಯ ಮೇಲೆ ದಂಡಿಯಾಗಿ ಅನ್ನ, ರಾತ್ರಿ ಮತ್ತೆ ಅಷ್ಟೇ. ನಡುವೆ ಆರು ಕಪ್ ಚಹಾ. ಕಪ್ಪಿಗೆ ಎರಡು ಚಮಚ, ಅಂದರೆ ಹತ್ತು ಗ್ರಾಂ ಸಕ್ಕರೆ ಎಂದು ಹಿಡಿದರೂ ದಿನಕ್ಕೆ 60 ಗ್ರಾಂ ಆಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯಂತೆ ದಿನಕ್ಕೆ 25 ಗ್ರಾಂ ಮೀರಬಾರದು. ಅದೇ ಮಾರ್ಗಸೂಚಿ ಆಹಾರದ ಒಟ್ಟು ಶಕ್ತಿಯಲ್ಲಿ ಧಾನ್ಯಗಳ ಪಾಲು ಶೇ. 45 ದಾಟಬಾರದು ಎನ್ನುತ್ತದೆ. ನಮ್ಮ ಬಹಳಷ್ಟು ಮನೆಗಳಲ್ಲಿ ಅದು ಶೇ. 50ರಿಂದ 70 ಇದೆ. ಎರಡನೆಯ, ಮೂರನೆಯ ಸೂತ್ರಗಳೂ ಪೂರ್ತಿಯಾದವು. ಗ್ವಾದಲಿ ಖಾಲಿ ಇಲ್ಲ!

ಎತ್ತಿಗೂ ಹಿಂಡಿ, ಹುರುಳಿ, ಹತ್ತಿಕಾಳು ಹಾಕುತ್ತೇವಲ್ಲ, ಅದು ಯಾಕೆ ಕೊಬ್ಬುವುದಿಲ್ಲ ಎಂದು ನೀವು ಕೇಳಬಹುದು. ಉತ್ತರ ನಿಮಗೇ ಗೊತ್ತು. ಎತ್ತು ದುಡಿಯುತ್ತದೆ. ದುಡಿಯುವ ಸ್ನಾಯು ರಕ್ತದ ಸಕ್ಕರೆಯನ್ನು ತಾನೇ ಎಳೆದುಕೊಂಡು ಉರಿಸುತ್ತದೆ. ಅದೇ ಮೇವು ಕಟ್ಟಿದ ಟಗರಿಗೆ ಕೊಬ್ಬಾಗುತ್ತದೆ. ಹಿರಿಯರು ಹೋಳಿಗೆ-ತುಪ್ಪ ಉಂಡು ಗಟ್ಟಿಯಾಗಿದ್ದರು ಎಂದು ಹೇಳಿಕೊಳ್ಳುವವರು ಅವರು ಎತ್ತಿನ ಬಾಳು ಬಾಳಿದ್ದನ್ನು ಮರೆಯುತ್ತಾರೆ.

ಟಗರು ದಿನಕ್ಕೆ ನೂರು ಗ್ರಾಂ ಏರಿದ್ದು ಕಣ್ಣಿಗೆ ಕಾಣುತ್ತದೆ. ಮನುಷ್ಯನದು ಕಾಣುವುದಿಲ್ಲ. ದಿನಕ್ಕೆ ಬರೀ ಐದು ಗ್ರಾಂ ಏರಿದರೂ ವರ್ಷಕ್ಕೆ ಸುಮಾರು ಎರಡು ಕಿಲೋ, ಹತ್ತು ವರ್ಷಕ್ಕೆ ಹದಿನೆಂಟು ಕಿಲೋ! ಅಂಗಿ ಬಿಗಿಯಾದಾಗ ದರ್ಜಿಯನ್ನು ಬೈಯುತ್ತೇವೆ.

ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಮಕ್ಕಳ ಸ್ಥಿತಿಯೂ ಇದೇ. ಶಾಲೆಗೆ ಆಟೋ, ಶಾಲೆಯಿಂದ ಟ್ಯೂಷನ್, ಟ್ಯೂಷನ್ನಿನಿಂದ ಮೊಬೈಲ್. ಕೈಯಲ್ಲಿ ಕುರುಕಲು ಪೊಟ್ಟಣ. ಅಂಗಳದಲ್ಲಿ ಆಡುವ ಮರಿಯನ್ನು ನಾವೇ ಕಟ್ಟಿ ಹಾಕಿದ್ದೇವೆ.

ಕೊಬ್ಬು ಎಲ್ಲಿ ಕೂರುತ್ತದೆ?

ಕೊಬ್ಬಿದ ಪಶುವಿನಲ್ಲಿ ಮೂತ್ರಪಿಂಡದ ಸುತ್ತ, ಕರುಳಿನ ಸುತ್ತ ಕೊಬ್ಬಿನ ಗಡ್ಡೆ ಕಟ್ಟಿರುತ್ತದೆ. ನಮ್ಮಲ್ಲೂ ಹಾಗೆಯೇ. ಭಾರತೀಯರಿಗೆ ಹೊಟ್ಟೆಯೊಳಗೆ ಕೊಬ್ಬು ಸೇರುವ ಸ್ವಭಾವ ಹೆಚ್ಚು. ಕೈಕಾಲು ತೆಳ್ಳಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರು ‘ನಾನೇನು ದಪ್ಪ ಇಲ್ಲ’ ಎಂದು ಸಮಾಧಾನ ಪಡುವಂತಿಲ್ಲ. ಒಳಗಿನ ಈ ಕೊಬ್ಬು ಯಕೃತ್ತಿಗೂ ಸ್ನಾಯುಗಳಿಗೂ ಸೇರಿಕೊಂಡು ಇನ್ಸುಲಿನ್ನಿನ ಮಾತನ್ನು ಕೇಳದಂತೆ ಮಾಡುತ್ತದೆ. ಮಧುಮೇಹ, ರಕ್ತದೊತ್ತಡ, ಹೃದಯಾಘಾತ ಒಂದರ ಬೆನ್ನಿಗೊಂದು ಬರುತ್ತವೆ.

“ನಾನು ಎಣ್ಣೆ-ತುಪ್ಪ ಮುಟ್ಟೂದೇ ಇಲ್ಲ, ಯಕೃತ್ತಿನಾಗ ಕೊಬ್ಬು ಹೆಂಗ ಬಂತ್ರಿ?” ಎಂದು ಅನೇಕರು ಕೇಳುತ್ತಾರೆ. ಅದಕ್ಕೆ ಉತ್ತರ ಫ್ರಾನ್ಸಿನಲ್ಲಿದೆ. ಅಲ್ಲಿ ಬಾತುಗಳಿಗೆ ಕೊಳವೆಯ ಮೂಲಕ ಬೇಯಿಸಿದ ಗೋವಿನಜೋಳ ತುರುಕಿ, ಅವುಗಳ ಯಕೃತ್ತನ್ನು ಸಹಜ ಗಾತ್ರದ ಹಲವು ಪಟ್ಟು ಉಬ್ಬಿಸಿ, ಆ ಯಕೃತ್ತನ್ನು ದುಬಾರಿ ಖಾದ್ಯವಾಗಿ ಮಾರುತ್ತಾರೆ. ಇದರ ಕ್ರೂರತೆಗಾಗಿ ಭಾರತ 2014ರಲ್ಲಿ ಅದರ ಆಮದನ್ನು ನಿಷೇಧಿಸಿತು. ಬಾತಿಗೆ ಮುಖ್ಯವಾಗಿ ಹಾಕಿದ್ದು ಕಾಳು, ಯಕೃತ್ತಿನಲ್ಲಿ ಕಟ್ಟಿದ್ದು ಕೊಬ್ಬು. ಮಿಕ್ಕ ಅನ್ನವೂ ಸಕ್ಕರೆಯೂ ನಮ್ಮ ಯಕೃತ್ತಿನಲ್ಲಿ ಹಾಗೇ ಕೊಬ್ಬಾಗುತ್ತವೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮಲ್ಲಿ 10 ಕೋಟಿಗೂ ಮಿಕ್ಕಿ ಮಧುಮೇಹಿಗಳಿದ್ದಾರೆ. ಮಧುಮೇಹದ ಹೊಸ್ತಿಲಲ್ಲಿ ನಿಂತವರು ಇನ್ನೂ 13 ಕೋಟಿಗೂ ಹೆಚ್ಚು.

ಸೂಜಿ, ಗುಳಿಗೆಯಿಂದ ಬರುವ ಮೈ

ಮೇವು ಸಾಲದೆಂದು ಔಷಧದಿಂದ ಪಶುವಿಗೆ ಮೈ ಬರಿಸುವ ಯತ್ನವೂ ನಡೆದಿದೆ. ಅಮೆರಿಕದಲ್ಲಿ ದನದ ಕಿವಿಯ ಚರ್ಮದಡಿ ಹಾರ್ಮೋನ್ ಗುಳಿಗೆ ಇಡುವುದು ಇಂದಿಗೂ ಉಂಟು. ಯುರೋಪಿನ ಒಕ್ಕೂಟ ಅಂಥ ಮಾಂಸದ ಆಮದನ್ನು 1989ರಿಂದ ತಡೆದಿದೆ. ಬೆಳವಣಿಗೆಗಾಗಿ ಮೇವಿನಲ್ಲಿ ಆಂಟಿಬಯೋಟಿಕ್ ಬೆರೆಸುವುದನ್ನು ಅದು 2006ರಲ್ಲಿ ನಿಲ್ಲಿಸಿತು. ಮನುಷ್ಯರ ಪ್ರಾಣ ಉಳಿಸುವ ಕೊನೆಯ ಔಷಧಗಳಲ್ಲಿ ಒಂದಾದ ಕೊಲಿಸ್ಟಿನ್ ಅನ್ನು ಆಹಾರದ ಪಶುಪಕ್ಷಿಗಳಿಗೆ ಕೊಡದಂತೆ ನಮ್ಮ ದೇಶ 2019ರಲ್ಲಿ ನಿಷೇಧಿಸಿತು. ಪಶುವಿಗೆ ಮನಬಂದಂತೆ ಕೊಟ್ಟ ಔಷಧಕ್ಕೆ ಬಗ್ಗದ ರೋಗಾಣುಗಳು ನಾಳೆ ನಮ್ಮ ಮನೆಗೇ ಬರುತ್ತವೆ ಎಂಬುದೇ ಕಾರಣ.

ಮನುಷ್ಯರಲ್ಲೂ ಈ ಹುಚ್ಚು ಇದೆ. ಮದುವೆ ಗೊತ್ತಾದ ತೆಳ್ಳಗಿನ ಹುಡುಗಿಗೆ ‘ಮೈ ತುಂಬಲಿ’ ಎಂದು ಔಷಧದಂಗಡಿಯಿಂದ ಗುಳಿಗೆ ತಂದು ನುಂಗಿಸುವ ತಾಯಂದಿರನ್ನು ನಾನು ಕಂಡಿದ್ದೇನೆ. ಅಂಥ ಗುಳಿಗೆಗಳಲ್ಲಿ ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಇರಬಹುದು. ಮುಖ ದುಂಡಗಾಗುತ್ತದೆ, ಕೆನ್ನೆ ತುಂಬುತ್ತದೆ. ನೋಡಿದವರು ‘ಚೆಂದ ಕಾಣತಾಳ’ ಎನ್ನುತ್ತಾರೆ. ಒಳಗೆ ಎಲುಬು ಸವೆಯುತ್ತದೆ, ಸಕ್ಕರೆ ಏರುತ್ತದೆ, ಸೋಂಕು ತಡೆಯುವ ಶಕ್ತಿ ಕುಗ್ಗುತ್ತದೆ. ಬಹುದಿನ ತಿಂದು ಒಮ್ಮೆಗೇ ಬಿಟ್ಟರೆ ಪ್ರಾಣಕ್ಕೇ ಅಪಾಯ. ಈಗಾಗಲೇ ತಿನ್ನುತ್ತಿರುವವರು ತಾವೇ ನಿಲ್ಲಿಸದೆ ವೈದ್ಯರ ಬಳಿ ಬಂದು ಹಂತಹಂತವಾಗಿ ಬಿಡಬೇಕು. ದಿಢೀರನೆ ತೂಕ ಇಳಿಯುತ್ತಿದ್ದರೆ ಕ್ಷಯ, ಥೈರಾಯ್ಡ್, ಮಧುಮೇಹಗಳ ಪರೀಕ್ಷೆಯಾಗಬೇಕು. ಅಂಗಡಿಯ ಗುಳಿಗೆ ಅದಕ್ಕೆ ಉತ್ತರವಲ್ಲ.

ಹಗ್ಗ ಬಿಚ್ಚುವುದು ಹೇಗೆ?

ಕೊಬ್ಬಿಸುವ ಸೂತ್ರಗಳನ್ನು ತಿರುವು ಮುರುವು ಮಾಡಿದರೆ ಆರೋಗ್ಯದ ಸೂತ್ರಗಳಾಗುತ್ತವೆ.

1. ಅಳೆಯಿರಿ. ಒಂದು ಟೇಪು ಸಾಕು. ಹೊಟ್ಟೆಯ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ದಾಟಿದ್ದರೆ, ಅಥವಾ ವಯಸ್ಸು ಮೂವತ್ತು ಮೀರಿದ್ದರೆ, ರಕ್ತದ ಸಕ್ಕರೆ ಮತ್ತು ರಕ್ತದೊತ್ತಡ ಪರೀಕ್ಷಿಸಿಕೊಳ್ಳಿ.

2. ನಡೆಯಿರಿ. ವಾರದಲ್ಲಿ ಐದು ದಿನ ದಿನಕ್ಕೆ ಅರ್ಧ ಗಂಟೆ ಬಿರುಸು ನಡಿಗೆ. ಊಟವಾದ ಮೇಲೆ ಹತ್ತು-ಹದಿನೈದು ನಿಮಿಷ ಅಡ್ಡಾಡಿದರೂ ಊಟದ ನಂತರದ ಸಕ್ಕರೆ ತಗ್ಗುತ್ತದೆ. ಅಂಗಡಿಯಲ್ಲಿ, ಕಚೇರಿಯಲ್ಲಿ ಕೂತು ಕೆಲಸ ಮಾಡುವವರು ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಿ.

3. ಕಾಳಿಗಿಂತ ಮೇವು ಹೆಚ್ಚಿರಲಿ. ಗಂಗಾಳದ ಅರ್ಧದಷ್ಟು ಪಲ್ಲೆ ಮತ್ತು ಹಸಿ ತರಕಾರಿ ಇರಲಿ. ಮೆಂತ್ಯ, ಮೂಲಂಗಿ, ಸೌತೆಕಾಯಿ, ಹಸಿ ಉಳ್ಳಾಗಡ್ಡಿ ರೊಟ್ಟಿಯ ಜೊತೆ ತಿನ್ನುವ ನಮ್ಮ ಪದ್ಧತಿ ಬಹಳ ಒಳ್ಳೆಯದು. ಕಾಲು ಭಾಗ ಹೆಸರು, ಮಡಿಕೆ, ಕಡಲೆಯಂಥ ಬೇಳೆಕಾಳು. ಉಳಿದ ಕಾಲು ಭಾಗದಲ್ಲಿ ರೊಟ್ಟಿ ಅಥವಾ ಅನ್ನ. ಜೋಳದ ರೊಟ್ಟಿಯೂ ಧಾನ್ಯವೇ. ಒಳ್ಳೆಯದೆಂದು ಐದಾರು ತಿಂದರೆ ಗುಣ ಬರದು.

4. ನಾರನ್ನು ನಿಧಾನವಾಗಿ ಏರಿಸಿ. ನಮ್ಮ ದೊಡ್ಡ ಕರುಳಿನಲ್ಲೂ ಸೂಕ್ಷ್ಮಜೀವಿಗಳು ನಾರನ್ನು ಹುದುಗಿಸುತ್ತವೆ. ಒಮ್ಮೆಗೇ ಹೆಚ್ಚು ಮಾಡಿದರೆ ಹೊಟ್ಟೆ ಉಬ್ಬರ ಬರುತ್ತದೆ. ಟಗರಿಗೆ ದಾಣಿ ರೂಢಿ ಮಾಡಿಸಿದಂತೆ ಎರಡು-ಮೂರು ವಾರ ತೆಗೆದುಕೊಳ್ಳಿ.

5. ಗ್ವಾದಲಿ ಖಾಲಿ ಇರಲಿ. ಊಟ ಊಟದ ನಡುವೆ ಬಾಯಾಡಿಸುವುದನ್ನು ಬಿಡಿ. ಚಹಾ ಎರಡಕ್ಕೆ ಇಳಿಸಿ, ಸಕ್ಕರೆ ಅರ್ಧ ಮಾಡಿ. ಫೇಡೆ ಹಬ್ಬಕ್ಕಿರಲಿ.

ಮಧುಮೇಹಕ್ಕೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಊಟ ಬಿಡುವುದಾಗಲಿ ಗುಳಿಗೆ ನಿಲ್ಲಿಸುವುದಾಗಲಿ ಮಾಡಬಾರದು. ಬೆಳೆಯುವ ಮಕ್ಕಳು, ಗರ್ಭಿಣಿಯರು, ಸೊರಗಿದ ವೃದ್ಧರಿಗೆ ತೂಕ ಇಳಿಸುವ ಮಾತೇ ಸಲ್ಲದು.

ನಮ್ಮ ಕುಂದಗೋಳದ ಯಜಮಾನರಿಗೆ ಗಾಯದ ಚಿಕಿತ್ಸೆ, ಗುಳಿಗೆಗಳ ಜೊತೆ ಇಷ್ಟೇ ಹೇಳಿ ಕಳಿಸಿದ್ದೆ. ಮಾಡುತ್ತಾರೆಂಬ ಭರವಸೆ ನನಗೂ ಹೆಚ್ಚಿರಲಿಲ್ಲ. ಆರು ತಿಂಗಳಲ್ಲಿ ತೂಕ 79ಕ್ಕೆ ಇಳಿಯಿತು. ಹೆಬ್ಬೆರಳು ಉಳಿಯಿತು. ಬರಿಹೊಟ್ಟೆಯ ಸಕ್ಕರೆ 130ರ ಸುಮಾರಿಗೆ ಬಂದಿದೆ. ಗುಳಿಗೆ ಇನ್ನೂ ಬೇಕು, ಆದರೆ ಪ್ರಮಾಣ ಅರ್ಧವಾಗಿದೆ.

ಕಳೆದ ಸಲ ಬಂದಾಗ ಜೊತೆಗೆ ಅವರ ಮನೆಯವರೂ ಇದ್ದರು. “ಡಾಕ್ಟರ್ರ, ಮೊದಲ ಇನ್ನೊಂದು ರೊಟ್ಟಿ ಹಾಕಲೇನ ಅಂದ್ರ ಹೂಂ ಅಂತಿದ್ರು. ಈಗ ‘ನನಗೇನ ಬಕ್ರೀದ್ ಸಂತಿಗೆ ಹೊಡಕೊಂಡು ಹೊಂಟೀಯೇನ’ ಅಂತ ಬೈತಾರ ನೋಡ್ರಿ!” ಎಂದು ಆ ತಾಯಿ ದೂರಿದರು.

ಯಜಮಾನರು ನಗುತ್ತಾ ಎದ್ದರು. ಹೊಲಕ್ಕೆ ಈಗ ದಿನಾ ನಡೆದೇ ಹೋಗುತ್ತಾರಂತೆ.